ಎರಡು ಕ್ರೆಡಿಟ್ ಕಮ್ಮಿ

ಜೂನ್ ಬಂತೆಂದರೆ ನಮ್ಮನ್ನು ಊರೂರಿಗೆ ಅಟ್ಟುತ್ತದೆ ವಿಶ್ವವಿದ್ಯಾಲಯ.
ಟೋಕಿಯೋ ಬಿಟ್ಟು ಈ ಸಲ ಬಡಗಣ ಓದಾತೆಗೆ ಬಂದಿದ್ದೇನೆ,
ಬೀಗ ಹಾಕಿದ ಚೀಲದಲ್ಲಿ
ಹನ್ನೊಂದು ಮಕ್ಕಳ ನಾಲ್ಕು ವರ್ಷ.

ಮಕ್ಕಳೆಂದೆನೆ? ಎಲ್ಲರಿಗೂ ಇಪ್ಪತ್ತೊಂದು, ಇಪ್ಪತ್ತೆರಡು.
ಮತ ಹಾಕುತ್ತಾರೆ, ಬಿಯರ್ ಕುಡಿಯುತ್ತಾರೆ,
ಬಾಡಿಗೆ ಕರಾರಿಗೆ ತಾವೇ ಮುದ್ರೆ ಒತ್ತುತ್ತಾರೆ.
ಆದರೂ ಹೆತ್ತವರನ್ನು ಕರೆಸಿ
ಹೋಟೆಲಿನ ಮೂರನೇ ಮಹಡಿಯಲ್ಲಿ,
ನಿನ್ನೆಯ ಮದುವೆಯ ಹೂವನ್ನಿನ್ನೂ ಎತ್ತಿರದ ಹಾಲಿನಲ್ಲಿ
ತಲೆಗೆ ಹದಿನೈದು ನಿಮಿಷ.

ಆರನೆಯವರು ಕುದೋ ಶಿಗೆಹಾರು.
ಚಳಿಗಾಲದಲ್ಲಿ ರಸ್ತೆಯ ಹಿಮ ಬಾಚುವ ಗಾಡಿ ಓಡಿಸುತ್ತಾರಂತೆ,
ಬೇಸಿಗೆಯಲ್ಲಿ ಅದೇ ರಸ್ತೆಯ ಗುಂಡಿ ಮುಚ್ಚುತ್ತಾರಂತೆ.
ಇರುವುದೊಂದೇ ಕರಿ ಕೋಟು, ಮದುವೆಗೂ ಮಸಣಕ್ಕೂ,
ಟೈ ಮಾತ್ರ ಬೇರೆ ಬೇರೆ.
ಇವತ್ತಿಗೆ ಯಾವುದು ಕಟ್ಟಬೇಕೆಂದು ತೋಚದೆ
ಬರಿಗೊರಳಲ್ಲೇ ಬಂದಿದ್ದರು.

ಕುರ್ಚಿಯ ಅಂಚಿಗೆ ಕೂತರು.
ಹಾಳೆ ತಿರುಗಿಸಿದೆ, ಅಕ್ಷರ ಅವರ ಕಡೆಗೆ ನೆಟ್ಟಗಾಗಲಿ ಎಂದು.
ಪದವಿಗೆ ಬೇಕಾದದ್ದು ನೂರಿಪ್ಪತ್ತನಾಲ್ಕು.
ಈ ವರ್ಷದ್ದೆಲ್ಲ ದಕ್ಕಿದರೂ ನೂರಿಪ್ಪತ್ತೆರಡು.
‘ಎರಡು ಕಮ್ಮಿ’ ಎಂದೆ. ‘ಮೊದಲ ವರ್ಷದ್ದು. ದೈಹಿಕ ಶಿಕ್ಷಣ.’

ಆ ಖಾಲಿ ಚೌಕವನ್ನು ಬೆರಳಿಂದ ಮುಟ್ಟಿ ನೋಡಿದರು
ಗುಂಡಿಯ ಆಳ ನೋಡುವವರ ಹಾಗೆ.
‘ಓಟದಲ್ಲಿ ಇಡೀ ಶಾಲೆಗೆ ಮುಂದಿದ್ದಳು.’
ಆಮೇಲೆ ಬಹಳ ಹೊತ್ತು ಮಾತಿಲ್ಲ.
ಗಡಿಯಾರ ನನ್ನ ಕಣ್ಣೆದುರಿನ ಗೋಡೆಯಲ್ಲಿತ್ತು.

‘ಊಟ ಮಾಡುತ್ತಾಳಾ?’

ಹಾಳೆಯಲ್ಲಿ ಹುಡುಕಿದೆ.
ಹೇಳಲು ನಾಚಿಕೆ, ನಿಜಕ್ಕೂ ಹುಡುಕಿದೆ.
ಹಾಜರಾತಿ ಇತ್ತು. ಸರಾಸರಿ ಇತ್ತು.
ಕೆಲಸಕ್ಕೆ ಹಾಕಿದ ಅರ್ಜಿ ಹದಿನೇಳು, ಬಂದ ಕರೆ ಒಂದು.
ತೊಂಬತ್ತು ಜನರ ತರಗತಿಯಲ್ಲಿ
ಚಿನಾತ್ಸು ಎಂಬ ಹೆಸರಿಗೊಂದು ಮುಖ ಹೊಂದಿಸುವಷ್ಟರಲ್ಲಿ
ನಾಲ್ಕು ನಿಮಿಷ ಸವೆದಿತ್ತು.

ಕೊನೆಗೆ ನೆನಪಾದದ್ದು ಪೆನ್ಸಿಲ್ಲು.
ಕಿಟಕಿಯ ಸಾಲಿನಲ್ಲಿ, ಅಷ್ಟೂ ಲ್ಯಾಪ್‌ಟಾಪುಗಳ ನಡುವೆ
ಒಬ್ಬಳು ಚಾಕುವಿನಿಂದ ಪೆನ್ಸಿಲ್ ಹೆರೆಯುತ್ತಾಳೆ,
ಸಿಪ್ಪೆಯನ್ನು ಕಾಗದದಲ್ಲಿ ಮಡಿಚಿ ಜೇಬಿಗಿಳಿಸುತ್ತಾಳೆ.
ನನಗೆ ಗೊತ್ತಿದ್ದದ್ದು ಅಷ್ಟು. ಅಷ್ಟನ್ನೇ ಹೇಳಿದೆ.

‘ಎಡಗೈ ಹೆಬ್ಬೆರಳಿಂದ ಅಲಗಿನ ಬೆನ್ನು ನೂಕುತ್ತಾ?’
ಹೌದು, ಬೆನ್ನು ನೂಕುತ್ತಾ.
‘ಮೊನೆ ತನ್ನಿಂದ ಆಚೆಗೆ?’
ಆಚೆಗೆ.
ನಾನೇ ಕಲಿಸಿದ್ದು ಎನ್ನಲಿಲ್ಲ ಅವರು.
ಮಡಿಲಲ್ಲಿ ಎರಡು ಕೈ ತಾವಾಗಿ ಹೆರೆಯುತ್ತಿದ್ದವು,
ಚಾಕಿಲ್ಲದೆ, ಪೆನ್ಸಿಲ್ಲಿಲ್ಲದೆ.

ಬಾಗಿಲಲ್ಲಿ ಗುಮಾಸ್ತ ಎರಡು ಬೆರಳು ತೋರಿಸಿದ.
ಸೆಪ್ಟೆಂಬರಿನಲ್ಲಿ ಪಿಂಗ್‌ಪಾಂಗ್ ತೆಗೆದುಕೊಂಡರೂ ನಡೆಯುತ್ತದೆ ಎಂದೆ.
‘ಪಿಂಗ್‌ಪಾಂಗಿಗೂ ಪದವಿ ಕೊಡುತ್ತೀರಾ?’
ನಕ್ಕರು. ಪಕ್ಕದ ಹಲ್ಲೊಂದಿಲ್ಲ.
ಎದ್ದು, ಸೊಂಟ ಬಾಗಿಸಿ, ಹಾಳೆಯನ್ನು ನನಗೇ ಮರಳಿಸಿದರು:
‘ಇದು ಅವಳದ್ದು, ನಾನು ನೋಡಬಾರದಿತ್ತು.
ಬಂದಿದ್ದೆನೆಂದು ಹೇಳಬೇಡಿ.’
ಇಲ್ಲ ಎಂದು ಮಾತು ಕೊಟ್ಟೆ.

ಉಳಿದ ಐವರು ಬಂದರು, ಹೋದರು.
ಒಬ್ಬ ತಾಯಿ ಅತ್ತಳು, ಒಬ್ಬಾಕೆ ಸಂಬಳ ಎಷ್ಟು ಸಿಗಬಹುದು ಎಂದಳು.

ಸೋಮವಾರ. ಕಿಟಕಿಯ ಸಾಲು.
ಗುಟ್ಟು ಕಾಯುವವಳು ನಾನು, ನೋಡದ ಹಾಗೆ ನೋಡುತ್ತಿದ್ದೆ.
ಹೆರೆದಳು. ಮಡಿಚಿದಳು.
ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತು,
ಸೂಚನಾ ಫಲಕದಲ್ಲಿ ಯಾರು ಯಾವ ಊರಿಗೆಂದು
ತಿಂಗಳ ಹಿಂದೆಯೇ ಅಂಟಿಸಿದ್ದರಲ್ಲ, ಅದನ್ನು ನಾನು ಮರೆತೇಬಿಟ್ಟಿದ್ದೆ,
ಮೆಲ್ಲಗೆ ಕೇಳಿದಳು:
‘ಯಾವ ಟೈ ಕಟ್ಟಿದ್ದರು?’

ಮಾತು ಕೊಟ್ಟಿದ್ದೆನಲ್ಲ.
ಊಟ ಆಯಿತಾ ಎಂದೆ.